ಅಪ್ಪು ಹೋದ ವಯಸ್ಸಿಗೆ ನಾನೂ ಬಂದೆ, ನಂದು ಅಂತ ಏನು ಉಳಿಯುತ್ತೆ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

2025ರ ಸೆಪ್ಟೆಂಬರಲ್ಲಿ ಭೈರಪ್ಪನವರು ಹೋದ್ರು, ನವೆಂಬರಲ್ಲಿ ಸಾಲುಮರದ ತಿಮ್ಮಕ್ಕ ಹೋದ್ರು, ಅವಾಗಿಂದ ಈ ಅಂಕಣಕ್ಕೆ ಬರೋ ಕಾಗದಗಳ ಧಾಟಿನೇ ಬದಲಾಗಿದೆ. ಸೊಸೆ ಜೊತೆ ಜಗಳ, ಜಮೀನು ಭಾಗ, ಮಂಡಿನೋವು ಎಲ್ಲಾ ಹಿಂದಕ್ಕೆ ಸರಿದು "ನಾನು ಸತ್ರೆ ಏನು ಉಳಿಯುತ್ತೆ" ಅನ್ನೋದೇ ಮುಂದೆ ಬಂದು ಕೂತಿದೆ. ಈ ಸಲ ಮೈಸೂರು-ಮಂಡ್ಯ ಕಡೆಯಿಂದ ಬಂದವನ್ನಷ್ಟೇ ತಗೊಂಡಿದೀನಿ, ಬೇರೆ ಕಡೆಯವರು ಬೇಜಾರ್ ಮಾಡ್ಕೋಬೇಡಿ, ಮಂಡಿನೋವಿಗೂ ಮುಂದಿನ ಸಲ ಜಾಗ ಕೊಡ್ತೀನಿ.

ಪ್ರಶ್ನೆ: ಅಕ್ಕಾ, ಮದ್ದೂರಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಕೊಂಡಿದೀನಿ. ನಂಗೀಗ ನಲವತ್ತಾರು. ಅಪ್ಪು ಹೋಗಿದ್ದು ಇದೇ ವಯಸ್ಸಿಗೆ. ಅವತ್ತು ಶಟರ್ ಎಳೆದು ಮನೆಗೆ ಹೋದವನಿಗೆ ಊಟ ಸೇರ್ಲಿಲ್ಲ. ಅದಕ್ಕೂ ಮುಂಚೆ ಅಂಬರೀಶಣ್ಣ ಹೋದಾಗ ಮಂಡ್ಯ ಸ್ಟೇಡಿಯಂ ಕ್ಯೂನಲ್ಲಿ ರಾತ್ರಿಯೆಲ್ಲ ನಿಂತಿದ್ದೆ. ಈಗ ತಿಮ್ಮಕ್ಕ. ಪ್ರತಿ ಸಲ ನಾನೂ ಏನಾದ್ರೂ ಬಿಟ್ಟು ಹೋಗ್ಬೇಕು ಅನ್ಸುತ್ತೆ, ಆಮೇಲೆ ತಣ್ಣಗಾಗುತ್ತೆ. ಈ ಸಲ ಬಿಡಲ್ಲ ಅಂತ ಊರ ಬಾಗಿಲಿಗೆ ಒಂದು ಕಮಾನು ಕಟ್ಟಿಸೋ ಪ್ಲಾನ್ ಮಾಡಿದೀನಿ, ಮೇಲೆ ಅಪ್ಪನ ಹೆಸರು, ಕೆಳಗೆ ದಾನಿ ಅಂತ ನನ್ನ ಹೆಸರು. ಮೂರು ಲಕ್ಷ ಆಗುತ್ತಂತೆ. ಮಗಳು ಸೆಕೆಂಡ್ ಪಿಯುಸಿ, ಮುಂದಿನ ವರ್ಷದ ಫೀಸಿಗೆ ಏನ್ ಮಾಡ್ತೀಯ ಅಂತ ಹೆಂಡತಿ ಮಾತೇ ಬಿಟ್ಟಿದಾಳೆ. ಏನ್ ಮಾಡ್ಲಿ?

ಉತ್ತರ: ಮೊದಲು ಹೆಂಡತಿ ಜೊತೆ ಮಾತಾಡಿ, ಫೀಸು ಎತ್ತಿಡಿ. ಅದರಲ್ಲಿ ಎರಡು ಮಾತಿಲ್ಲ.

ಇನ್ನು ನಿಮ್ಮ ಸಂಕಟ. ಇದನ್ನ ಅಭಿಮಾನಿಗಳ ಹುಚ್ಚು ಅಂತ ನಗೋರು ಇದಾರೆ, ನಾನು ನಗಲ್ಲ, ಯಾಕಂದ್ರೆ ನಮ್ಮ ವಯಸ್ಸಿನವರು ಸತ್ತಾಗ ನಾವು ಅಳೋದರಲ್ಲಿ ಅರ್ಧ ನಮಗೋಸ್ಕರನೇ ಇರುತ್ತೆ, ಅದು ತಪ್ಪೂ ಅಲ್ಲ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗ ನಲವತ್ತು ದಾಟಿದ ಗಂಡಸರು ಎಷ್ಟೋ ಜನ ಎದೆ ಮುಟ್ಕೊಂಡು ಇಸಿಜಿ ಮಾಡಿಸೋಕೆ ಕ್ಯೂ ನಿಂತಿದ್ರು, ನೆನಪಿದೆ ತಾನೆ? ಆ ಭಯ ಇಸಿಜಿ ನಾರ್ಮಲ್ ಬಂದ ತಕ್ಷಣ ಹೋಯ್ತು, "ಏನಾದ್ರೂ ಬಿಟ್ಟು ಹೋಗ್ಬೇಕು" ಅನ್ನೋದು ಮಾತ್ರ ಒಳಗೇ ಉಳ್ಕೊಂಡು ಈಗ ಕಮಾನಾಗಿ ಎದ್ದಿದೆ.

ಆದ್ರೆ ಅಪ್ಪು ಏನು ಬಿಟ್ಟು ಹೋದ್ರು ಅಂತ ಒಂದ್ಸಲ ಸರಿಯಾಗಿ ನೋಡೋಣ. ವಾಟ್ಸಾಪಲ್ಲಿ ಓಡಾಡಿದ ಆ ದೊಡ್ಡ ಪಟ್ಟಿ, ಇಷ್ಟು ಅನಾಥಾಶ್ರಮ ಇಷ್ಟು ಗೋಶಾಲೆ ಅಂತ ಇತ್ತಲ್ಲ, ಅದನ್ನ ಪಕ್ಕಕ್ಕಿಡಿ, ಅದಿಲ್ಲದಿದ್ರೂ ಅವರ ಲೆಕ್ಕ ಕಮ್ಮಿ ಆಗಲ್ಲ. ಗಟ್ಟಿಯಾಗಿ ಗೊತ್ತಿರೋದನ್ನಷ್ಟೇ ತಗೊಳ್ಳಿ. ಅವರ ಎರಡು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು, ಡಾಕ್ಟರುಗಳು ಒಂದೊಂದು ಕಾರ್ನಿಯಾನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದ್ರು. ಮೈಸೂರಲ್ಲಿ ಶಕ್ತಿಧಾಮ ಇದೆ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಸರೆ, ರಾಜ್‌ಕುಮಾರ್ ಮನೆಯವರೇ ನಡೆಸ್ಕೊಂಡು ಬಂದಿದ್ದು. ನಂದಿನಿ ಹಾಲಿನ ಜಾಹೀರಾತಿಗೆ ಅಪ್ಪನ ಥರಾನೇ ಮಗನೂ ದುಡ್ಡು ತಗೊಂಡಿರಲಿಲ್ಲ, ನಿಮ್ಮ ಊರ ಡೈರಿಗೆ ಬೆಳಿಗ್ಗೆ ಕ್ಯಾನ್ ತರೋರಿಗೆ ಕೇಳಿ, ಹೇಳ್ತಾರೆ.

ಈಗ ಆ ಕಣ್ಣಿನ ವಿಷಯದಲ್ಲಿ ಒಂದು ಸಣ್ಣ ವಿವರ ಇದೆ, ಯಾರೂ ಅಷ್ಟು ಗಮನ ಕೊಡಲ್ಲ. ಅಷ್ಟು ದೊಡ್ಡ ಆಘಾತದಲ್ಲಿ, ಹೊರಗೆ ಜನ ಸಮುದ್ರ, ಒಳಗೆ ಮನೆಯವರಿಗೆ ಕೈಕಾಲು ಆಡ್ತಿಲ್ಲ, ಅಂಥ ಹೊತ್ತಲ್ಲಿ ಕೆಲವೇ ಗಂಟೆ ಒಳಗೆ ಕಣ್ಣು ತೆಗೆಯೋ ಕೆಲಸ ಆಯ್ತು ಅಂದ್ರೆ ಅದು ಹೆಂಗೆ ಸಾಧ್ಯ? ರಾಜ್‌ಕುಮಾರ್ ಹೆಸರಲ್ಲಿ ಐ ಬ್ಯಾಂಕ್ ಶುರುವಾಗಿದ್ದು 1994ರಲ್ಲಿ. 2006ರ ಏಪ್ರಿಲ್ 12ಕ್ಕೆ ಅಣ್ಣಾವ್ರು ಹೋದಾಗ ಅವರ ಕಣ್ಣೂ ಕೊಟ್ಟಾಗಿತ್ತು. ಅಂದ್ರೆ ಆ ಮನೆಯಲ್ಲಿ ಇದು ಮೊದಲೇ ರೂಢಿ ಆಗಿತ್ತು, ಯಾರನ್ನ ಕರೀಬೇಕು, ಯಾರು ಸೈನ್ ಹಾಕ್ಬೇಕು ಅಂತ ಹೊಸದಾಗಿ ಯೋಚನೆ ಮಾಡೋ ಅಗತ್ಯ ಬರಲಿಲ್ಲ. ಅಪ್ಪು ಬಿಟ್ಟು ಹೋದದ್ದಕ್ಕೆ ಅಪ್ಪು ಹೋಗೋಕೆ 27 ವರ್ಷ ಮುಂಚೆನೇ ತಯಾರಿ ಆಗಿತ್ತು, ಅವರೇ ಇನ್ನೂ ಹತ್ತೊಂಬತ್ತರ ಹುಡುಗ ಆಗಿದ್ದಾಗ.

ತಿಮ್ಮಕ್ಕನ್ನ ತಗೊಳ್ಳಿ. ಹುಲಿಕಲ್ಲಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರ್, 385 ಆಲದ ಮರ, ಎಲ್ಲರಿಗೂ ಬಾಯಿಪಾಠ. ಸಸಿ ನೆಡೋದು ಒಂದು ಮಧ್ಯಾಹ್ನದ ಕೆಲಸ ಕಣ್ರೀ, ವನಮಹೋತ್ಸವದ ದಿನ ಮಂತ್ರಿಗಳೂ ನೆಡ್ತಾರೆ, ಫೋಟೋನೂ ಬರುತ್ತೆ. ಆಯಮ್ಮ, ಯಜಮಾನ್ರು ಚಿಕ್ಕಯ್ಯ, ಇಬ್ಬರೂ ಬಿಂದಿಗೆ ಹೊತ್ಕೊಂಡು ಅಷ್ಟು ದೂರ ನಡೆದು ನೀರು ಹಾಕಿದ್ದು, ದನ ತಿನ್ನದಂಗೆ ಮುಳ್ಳು ಕಟ್ಟಿದ್ದು, ಕೆಲಸ ಅಂದ್ರೆ ಅದು. ಅಷ್ಟೆಲ್ಲ ಮಾಡಿ, ಪದ್ಮಶ್ರೀನೂ ಬಂದು, ನೂರು ವರ್ಷ ದಾಟಿದ ಮೇಲೂ 2019ರಲ್ಲಿ ಏನಾಯ್ತು? ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡೋಕೆ ಹೋಗಿ ಆ ಮರಗಳಿಗೇ ಕುತ್ತು ಬಂತು, ಅಜ್ಜಿ ಮುಖ್ಯಮಂತ್ರಿ ಹತ್ರ ಹೋಗಿ ಕೇಳ್ಕೋಬೇಕಾಯ್ತು. ಹಲಗೂರು ನಿಮ್ಮ ಜಿಲ್ಲೆನೇ. ನೆಟ್ಟವರೇ ಬದುಕಿದ್ರು, ಹೆಸರಿತ್ತು, ಅದಕ್ಕೆ ಉಳೀತು. ನಿಮ್ಮ ಕಮಾನು ಮುಂದೆ ರಸ್ತೆ ಅಗಲ ಮಾಡೋಕೆ ಜೆಸಿಬಿ ಬಂದು ನಿಂತಾಗ ನಿಮ್ಮ ಪರವಾಗಿ ಯಾರು ಹೋಗ್ತಾರೆ?

ಕಮಾನಿನ ಮೇಲೆ ನಂಗೇನು ದ್ವೇಷ ಇಲ್ಲ. ಆದ್ರೆ ಮಂಡ್ಯದ ಯಾವ ಊರಿಗೆ ಹೋದ್ರೂ ನೋಡ್ತೀರಲ್ಲ, ದಾನಿಗಳ ಹೆಸರಿರೋ ಬಸ್ ಸ್ಟ್ಯಾಂಡು, ಕಲ್ಲು ಬೆಂಚು ಮುರಿದು ಮೂಲೆಯಲ್ಲಿ, ಒಳಗೆ ಯಾರದ್ದೋ ಹುಲ್ಲು ಮೆದೆ, ಗೋಡೆ ಮೇಲೆ ಗುಟ್ಕಾ ಕಲೆ, ಹೆಸರು ಕೆತ್ತಿದ ಗ್ರಾನೈಟ್ ಮಾತ್ರ ಥಳಥಳ ಅಂತಿರುತ್ತೆ. ಕಟ್ಟೋವಾಗ ಎಲ್ಲರೂ ಇರ್ತಾರೆ, ಗುಡಿಸೋವಾಗ ಒಬ್ಬರೂ ಇರಲ್ಲ. ಹಂಗಾಗಿ ನಾನು ಇಂಥ ಪ್ರಶ್ನೆ ಕೇಳೋರಿಗೆಲ್ಲ ಒಂದೇ ಮಾತು ಕೇಳೋದು: ನೀವು ಮಾಡೋ ಕೆಲಸನ ನೀವಿಲ್ಲದಾಗ ಯಾರು ನೋಡ್ಕೋತಾರೆ, ಅವರ ಹೆಸರು ಹೇಳಿ. ಪಂಚಾಯ್ತಿ, ಸರ್ಕಾರ, ಯುವಕರು ಅಂದ್ರೆ ನಡಿಯಲ್ಲ, ಮನುಷ್ಯನ ಹೆಸರು ಬೇಕು.

ನಿಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿ ಕಾಮೇಗೌಡ್ರು ಗೊತ್ತಲ್ಲ, ಕುರಿ ಕಾಯ್ತಿದ್ದೋರು. ಬೆಟ್ಟದಲ್ಲಿ ಕುರಿ, ಹಕ್ಕಿ, ಕಾಡುಪ್ರಾಣಿಗೆ ಕುಡಿಯೋಕೆ ನೀರಿಲ್ಲ ಅಂತ ಕಟ್ಟೆ ತೋಡೋಕೆ ಶುರು ಮಾಡಿದ್ರು, ಕುರಿ ಮಾರಿದ ದುಡ್ಡೂ ಅದಕ್ಕೇ, ಪ್ರಶಸ್ತಿ ಬಂದ್ರೆ ಆ ದುಡ್ಡೂ ಅದಕ್ಕೇ. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹದಿನಾರು ಕಟ್ಟೆ ಅಂತ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯ್ತು. ಆಗ ಅವರ ಆಸೆ ಏನಿತ್ತು ಗೊತ್ತಾ, ಒಂದು ಫ್ರೀ ಬಸ್ ಪಾಸು. ಕೆಎಸ್ಆರ್‌ಟಿಸಿಯವರು ಕೊಟ್ರು. 2022ರ ಅಕ್ಟೋಬರಲ್ಲಿ ಅವರೂ ಹೋದ್ರು. ಕಟ್ಟೆ ಅಂದ್ಮೇಲೆ ಪ್ರತಿ ಮಳೆಗೂ ಮಣ್ಣು ಬಂದು ಕೂರುತ್ತೆ, ಹೂಳು ತೆಗೀತಾ ಇರ್ಬೇಕು, ಇಲ್ದಿದ್ರೆ ಕೆಲವು ವರ್ಷಕ್ಕೆ ಅದು ಬೆಟ್ಟದಲ್ಲಿರೋ ಒಂದು ತಗ್ಗು ಅಷ್ಟೇ. ನಿಮಗೆ ಮೂರು ಲಕ್ಷ ಖರ್ಚು ಮಾಡೋ ಮನಸ್ಸಿದ್ರೆ, ಹೊಸದೇನೂ ಕಟ್ಟಬೇಡಿ, ನಿಮ್ಮೂರ ಹಳೇ ಕಟ್ಟೆನೋ ಕಲ್ಯಾಣಿನೋ ಇದ್ದೇ ಇರುತ್ತೆ, ಗಿಡಗಂಟಿ ಬೆಳ್ಕೊಂಡು. ಪಂಚಾಯ್ತಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಸೇರಿಸೋಕೆ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ, ಅರ್ಜಿ ಟೈಪ್ ಮಾಡೋದು ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?

ಅದೇ ನಾನು ಹೇಳೋಕೆ ಹೊರಟಿದ್ದು. ನಿಮ್ಮ ಕೈಲಿ ಅಂಗಡಿ ಇದೆ. ವಿಧವಾ ವೇತನ, ಪಹಣಿ ತಿದ್ದುಪಡಿ, ಸ್ಕಾಲರ್‌ಶಿಪ್, ಜಾತಿ ಆದಾಯ ಸರ್ಟಿಫಿಕೇಟು, ಇಡೀ ತಾಲ್ಲೂಕಿನ ಕಷ್ಟ ನಿಮ್ಮ ಕೌಂಟರ್ ಮೇಲೆ ಬಂದು ಬೀಳುತ್ತೆ, ಯಾವ ಫಾರಂಗೆ ಯಾವ ದಾಖಲೆ ಬೇಕು, ಹೆಸರಿನ ಸ್ಪೆಲ್ಲಿಂಗು ಆಧಾರಲ್ಲೊಂದು ಮಾರ್ಕ್ಸ್‌ಕಾರ್ಡಲ್ಲೊಂದು ಇದ್ರೆ ಎಲ್ಲಿ ಸಿಕ್ಕಾಕ್ಕೊಳ್ಳುತ್ತೆ ಅಂತ ನಿಮಗೆ ಗೊತ್ತಿರೋದು ಎಷ್ಟೋ ಗುಮಾಸ್ತರಿಗೆ ಗೊತ್ತಿರಲ್ಲ. ಸ್ಕಾಲರ್‌ಶಿಪ್ ಸೀಸನ್ನಲ್ಲಿ ವಾರಕ್ಕೆ ಒಂದು ಸಂಜೆ ಸರ್ಕಾರಿ ಸ್ಕೂಲು ಕಾಲೇಜಿನ ಮಕ್ಕಳಿಗೆ ಪುಕ್ಕಟೆ ಅರ್ಜಿ ಹಾಕ್ಕೊಡಿ. ಜೊತೆಗೆ ಒಬ್ಬ ಹುಡುಗನ್ನೋ ಹುಡುಗಿನೋ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿ, ನಿಮಗೆ ಹುಷಾರಿಲ್ಲದ ದಿನ ಅವರು ಮಾಡ್ಬೇಕು. ಬೋರ್ಡು ಬೇಕೇ ಬೇಕು ಅಂದ್ರೆ ನಿಮ್ಮ ಅಂಗಡಿ ಗಾಜಿನ ಮೇಲೆ ಅಪ್ಪನ ಹೆಸರು ಬರೆಸಿ, ಮುನ್ನೂರು ರೂಪಾಯಿ ಸ್ಟಿಕ್ಕರ್. ಅಪ್ಪು ಫೋಟೋ ಹೆಂಗೂ ಅಲ್ಲಿ ಇದ್ದೇ ಇರುತ್ತೆ ಅಂತ ನಂಗೆ ಗೊತ್ತು.

ಪ್ರಶ್ನೆ: ಮೇಡಂ, ನಾನು ಮೈಸೂರಲ್ಲಿ ಹಾಸ್ಟೆಲಲ್ಲಿದ್ದು ಡಿಗ್ರಿ ಓದ್ತಿದೀನಿ. ಅಪ್ಪು ಸರ್ ನೋಡಿ ಕಣ್ಣುದಾನಕ್ಕೆ ಆನ್‌ಲೈನಲ್ಲಿ ಹೆಸರು ಕೊಟ್ಟೆ, ಕಾರ್ಡೂ ಬಂತು. ಊರಲ್ಲಿ ಅಪ್ಪನಿಗೆ ತೋರಿಸಿದ್ರೆ ಕೆಂಡಾಮಂಡಲ, ಕಣ್ಣಿಲ್ಲದೆ ಸುಟ್ರೆ ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ತೀಯ, ಮದುವೆ ಆಗದ ಹುಡುಗಿ ಸಾಯೋ ಮಾತು ಆಡ್ತೀಯಾ ಅಂತ. ಕಾರ್ಡ್ ನನ್ನ ಹತ್ರನೇ ಇದೆ, ಸುಮ್ನೆ ಇಟ್ಕೊಂಡಿದ್ರೆ ಆಗಲ್ವಾ?

ಉತ್ತರ: ಆಗಲ್ಲಮ್ಮ. ನಿನ್ನ ಕಾರ್ಡು ಒಂದು ಆಸೆಪತ್ರ ಅಷ್ಟೇ, ಸತ್ತ ಮೇಲೆ ನೀನು ಎದ್ದು ತೋರಿಸೋಕಾಗಲ್ಲ, ಒಪ್ಪಿಗೆ ಕೊಡ್ಬೇಕಾದವರು ಮನೆಯವರೇ. ಅವರು ಬೇಡ ಅಂದ್ರೆ ಬೇಡ. ಅದೇ, ಕಾರ್ಡೇ ಇಲ್ಲದಿದ್ರೂ ಮನೆಯವರು ಹೂಂ ಅಂದ್ರೆ ಸಾಕು. ಹಂಗಾಗಿ ನೀನು ಒಪ್ಪಿಸ್ಬೇಕಾಗಿರೋದು ಅಪ್ಪನ್ನೇ.

ಶಾಸ್ತ್ರದ ಜಗಳಕ್ಕೆ ಶಾಸ್ತ್ರದಿಂದಲೇ ಹೋಗು. ಬೇಡರ ಕಣ್ಣಪ್ಪನ ಕಥೆ ನಿಮ್ಮಪ್ಪನಿಗೆ ಗೊತ್ತಿಲ್ಲದೆ ಇರಲ್ಲ. ಶಿವಲಿಂಗದ ಕಣ್ಣಲ್ಲಿ ರಕ್ತ ಬಂತು ಅಂತ ತನ್ನ ಕಣ್ಣು ಕಿತ್ತಿಟ್ಟವನು, ಅವನಿಗೆ ಮುಕ್ತಿ ಸಿಕ್ತು ಅಂತ ಹರಿಕಥೆ ಹೇಳ್ತಾರೆ, ಮುಂದಿನ ಜನ್ಮದಲ್ಲಿ ಕುರುಡಾದ ಅಂತ ಯಾವ ದಾಸರೂ ಹೇಳಿದ್ದು ನಾನು ಕೇಳಿಲ್ಲ. 1954ರಲ್ಲಿ ಆ ಕಣ್ಣಪ್ಪನ ಪಾತ್ರದಲ್ಲೇ ರಾಜ್‌ಕುಮಾರ್ ಹೀರೋ ಆಗಿ ಬಂದಿದ್ದು, 2006ರಲ್ಲಿ ನಿಜವಾಗ್ಲೂ ಕಣ್ಣು ಕೊಟ್ಟು ಹೋದ್ರು. ಇದನ್ನ ಊಟ ಆದ್ಮೇಲೆ ಹೇಳು, ಹಸಿದಿರೋವಾಗ ಬೇಡ.

ಆಮೇಲೆ ಅವರಿಗಿರೋ ನಿಜವಾದ ಹೆದರಿಕೆ ಮುಖ ಕೆಡುತ್ತೆ ಅನ್ನೋದು, ಅದನ್ನ ಬಾಯಿಬಿಟ್ಟು ಹೇಳಲ್ಲ, ಜನ್ಮದ ಮೇಲೆ ಹಾಕ್ತಾರೆ. ಈಗ ಹೆಚ್ಚಾಗಿ ತೆಗೆಯೋದು ಕಣ್ಣಿನ ಮುಂದಿರೋ ಪಾರದರ್ಶಕ ಪದರ, ಕಾರ್ನಿಯಾ. ಐ ಬ್ಯಾಂಕಿನವರು ಮನೆಗೇ ಬರ್ತಾರೆ, ಹದಿನೈದು-ಇಪ್ಪತ್ತು ನಿಮಿಷದ ಕೆಲಸ, ಪರೀಕ್ಷೆಗೆ ಸ್ವಲ್ಪ ರಕ್ತ ತಗೋತಾರೆ, ರೆಪ್ಪೆ ಮುಚ್ಚಿಟ್ರೆ ನೋಡೋಕೆ ಬಂದವರಿಗೆ ಗೊತ್ತೂ ಆಗಲ್ಲ. ದುಡ್ಡಿನ ಮಾತೇ ಇಲ್ಲ. ಆದ್ರೆ ಆರು ಗಂಟೆ ಒಳಗೆ ಆಗ್ಬೇಕು, ನಮ್ಮ ಕಡೆ ಬೆಂಗಳೂರಿಂದ ನೆಂಟರು ಬರ್ಲಿ ಅಂತ ಕಾಯೋದರಲ್ಲೇ ಆ ಹೊತ್ತು ಕಳೆದುಹೋಗೋದು. ಫೋನ್ ಮಾಡಿದ ಮೇಲೆ ಅವರು ಬರೋವರೆಗೂ ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡ್ಬೇಕು. ಕನ್ನಡಕ ಇದ್ದೋರು, ಪೊರೆ ಆಪರೇಷನ್ ಆದೋರು, ಶುಗರ್ ಬಿಪಿ ಇರೋರು, ತೊಂಬತ್ತರ ಅಜ್ಜಿ, ಯಾರು ಬೇಕಾದ್ರೂ ಕೊಡಬಹುದು. ಎಚ್ಐವಿ, ಹೆಪಟೈಟಿಸ್ ಬಿ, ಸಿ, ರೇಬಿಸ್, ರಕ್ತದ ಕ್ಯಾನ್ಸರ್ ಇಂಥದ್ದಿದ್ರೆ ತಗೊಳ್ಳಲ್ಲ.

ಕಿಡ್ನಿ, ಲಿವರ್, ಹೃದಯದ ವಿಷಯ ಬೇರೆ, ಅದು ಮನೆಯಲ್ಲಿ ಸತ್ತವರಿಂದ ಆಗಲ್ಲ, ಐಸಿಯುನಲ್ಲಿ ಮೆದುಳು ನಿಷ್ಕ್ರಿಯ ಅಂತ ಡಾಕ್ಟರ್ ತಂಡ ಆರು ಗಂಟೆ ಅಂತರದಲ್ಲಿ ಎರಡು ಸಲ ನೋಡಿ ಖಾತ್ರಿ ಮಾಡಿದ ಮೇಲೆ ಮಾತ್ರ. ಸಂಚಾರಿ ವಿಜಯ್ 2021ರ ಜೂನಲ್ಲಿ ಬೈಕ್ ಆಕ್ಸಿಡೆಂಟಾಗಿ ಹೋದಾಗ ಮನೆಯವರು ಒಪ್ಪಿ ಕೊಟ್ಟಿದ್ದು ಹಂಗೆ. ನಮ್ಮ ರಾಜ್ಯದಲ್ಲಿ ಇದನ್ನ ನೋಡ್ಕೊಳ್ಳೋದು ಜೀವಸಾರ್ಥಕತೆ ಅನ್ನೋ ಸರ್ಕಾರಿ ಸಂಸ್ಥೆ, ಹೆಸರು ನೋಂದಾಯಿಸೋದು ಹೆಂಗೆ ಅಂತ ಅಲ್ಲಿ ಕೇಳು.

ಒಂದು ಐಡಿಯಾ ಕೊಡ್ಲಾ? ನಿನ್ನ ಕಾರ್ಡ್ ಒಳಗಿಡು, ನಿಮ್ಮ ಅಜ್ಜಿನ ಹಿಡಿ. ಮನೆಯಲ್ಲಿ ದೊಡ್ಡವರು "ನಂದು ತಗೊಳ್ರೋ, ಸುಟ್ಟು ಬೂದಿ ಮಾಡೋ ಬದಲು" ಅಂದ್ಬಿಟ್ರೆ ಅಪ್ಪಂದಿರ ಬಾಯಿ ತಾನಾಗೇ ಮುಚ್ಚುತ್ತೆ.

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು. ಸಿನಿಮಾದವರು ಸತ್ರೆ ಊರೂರಲ್ಲಿ ತಿಥಿ, ಬಾಡೂಟ, ಫ್ಲೆಕ್ಸು. ಅಂಬರೀಶ್ ಸತ್ತ ದಿನಾನೇ ನಮ್ಮ ಕಡೆ ನಾಲೆಗೆ ಬಸ್ ಬಿದ್ದು ಜನ ಸತ್ರು, ಅವರನ್ನ ಯಾರು ನೆನಪು ಮಾಡ್ಕೋತಾರೆ? ಇವರಿಂದ ಏನು ಸ್ಫೂರ್ತಿ, ಮಣ್ಣು?

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. 2018ರ ನವೆಂಬರ್ 24, ಶನಿವಾರ. ಕನಗನಮರಡಿ ಹತ್ರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ ಮೂವತ್ತು ಜನ ಹೋದ್ರು, ಸ್ಕೂಲು ಮುಗಿಸ್ಕೊಂಡು ಮನೆಗೆ ಹೊರಟಿದ್ದ ಮಕ್ಕಳೂ ಇದ್ರು. ಅದೇ ರಾತ್ರಿ ಬೆಂಗಳೂರಲ್ಲಿ ಅಂಬರೀಶ್ ತೀರ್ಕೊಂಡ್ರು. ಮಾರನೇ ದಿನ ಟಿವಿ ಎಲ್ಲಿತ್ತು ಅಂತ ನಾನು ಹೇಳ್ಬೇಕಾಗಿಲ್ಲ. ಅಂಬರೀಶ್ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ, ಮಂಡ್ಯದ ಜನಕ್ಕೆ ಅವರು ದೊಡ್ಡರಸಿನಕೆರೆ ಮನೆ ಮಗ, ಅಳೋದು ಸಹಜ, ಅಳೋಕೆ ಯಾರ ಪರ್ಮಿಷನ್ನೂ ಬೇಡ. ಆದ್ರೆ ಆ ಮೂವತ್ತು ಜನಕ್ಕೆ ಕಂಚಿನ ಪ್ರತಿಮೆ ಯಾರೂ ಕೇಳ್ತಿಲ್ಲ, ಬೇಕಾಗಿದ್ದಿದ್ದು ತಡೆಗೋಡೆ. 2023ರಲ್ಲೂ ಅದೇ ನಾಲೆಗೆ ಕಾರು ಬಿದ್ದು ಜನ ಸತ್ರಲ್ಲ, ಬನಘಟ್ಟದ ಹತ್ರ ಒಂದೇ ಕಾರಲ್ಲಿ ಐದು ಜನ.

ಆ ನಾಲೆಗೆ ಮೊದಲು ಇದ್ದ ಹೆಸರು ಇರ್ವಿನ್ ನಾಲೆ, ವೈಸರಾಯ್ ಹೆಸರು. ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯ್ತು, ಈಗ ನಮ್ಮ ಬಾಯಲ್ಲಿ ಬರೀ ವಿ.ಸಿ. ಹೆಸರು ಎರಡು ಸಲ ಸವೆದರೂ ನೀರು ಬರ್ತಾ ಇದೆ, ಕಬ್ಬು ಭತ್ತ ಬೆಳೀತಾ ಇದೀರಿ, ಯಾಕಂದ್ರೆ ವರ್ಷ ವರ್ಷ ಯಾರೋ ತೂಬು ನೋಡ್ಕೋತಾರೆ, ಏರಿ ರಿಪೇರಿ ಮಾಡ್ತಾರೆ. ದಂಡೆ ಮೇಲಿನ ರಸ್ತೆನೂ ಆ ನಾಲೆದೇ ಭಾಗ ಅಂತ ಮಾತ್ರ ಯಾರಿಗೂ ಅನ್ಸಲಿಲ್ಲ. ನಿಮ್ಮ ಊರಿನ ಹತ್ರ ಗೋಡೆ ಇಲ್ಲದ ತಿರುವು ಎಲ್ಲೆಲ್ಲಿದೆ ಅಂತ ಫೋಟೋ ತೆಗೆದು, ಊರಿನವರ ಸೈನ್ ಹಾಕಿಸಿ ನೀರಾವರಿ ನಿಗಮಕ್ಕೂ ಜಿಲ್ಲಾಧಿಕಾರಿಗೂ ಕೊಡಿ, ಸ್ವೀಕೃತಿ ನಂಬರ್ ಇಟ್ಕೊಳ್ಳಿ, ನವೆಂಬರ್ 24 ಬಂದಾಗಲೆಲ್ಲ ಆ ಮೂವತ್ತು ಜನದ ಹೆಸರಲ್ಲಿ ಮತ್ತೆ ಹೋಗಿ ಕೇಳಿ. ಅಭಿಮಾನಿ ಸಂಘದ ಹುಡುಗರನ್ನೂ ಕರೀರಿ, ಬರ್ತಾರೆ, ಅವರು ನೀವಂದ್ಕೊಂಡಷ್ಟು ಕೆಟ್ಟವರಲ್ಲ.

ಪ್ರಶ್ನೆ: ಶ್ರೀರಂಗಪಟ್ಟಣ, ರಿಟೈರ್ಡ್ ಮೇಷ್ಟ್ರು. ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಒಂದು ಲಕ್ಷ ದತ್ತಿ ಇಟ್ಟು ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಫಸ್ಟ್ ಬಂದವರಿಗೆ ಬಹುಮಾನ ಕೊಡ್ಬೇಕು ಅಂತಿದೀನಿ. ಹೆಂಗೆ?

ಉತ್ತರ: ಒಳ್ಳೇದು ಸರ್. ಬಾಯಿಮಾತಲ್ಲಿ ಹೆಡ್‌ಮಾಸ್ಟರ್ ಕೈಗೆ ದುಡ್ಡು ಕೊಡಬೇಡಿ, ಅವರು ಒಳ್ಳೆಯವರೇ ಇರ್ಬಹುದು, ಎರಡು ವರ್ಷಕ್ಕೆ ಟ್ರಾನ್ಸ್‌ಫರ್ ಆಗ್ತಾರೆ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿ, ಶಾಲೆ ಹೆಸರಲ್ಲಿ ಜಂಟಿ ಖಾತೆಯಲ್ಲಿ ಎಫ್‌ಡಿ ಇಡಿಸಿ, ಬಡ್ಡಿ ಮಾತ್ರ ಖರ್ಚು ಅಂತ ಬರೆಸಿ, ಒಂದು ಪ್ರತಿ ಬಿಇಒ ಆಫೀಸಿಗೂ ಕೊಡಿ. ಶೇಕಡಾ ಆರೂವರೆ ಬಡ್ಡಿ ಸಿಕ್ಕರೆ ವರ್ಷಕ್ಕೆ ಆರೂವರೆ ಸಾವಿರ. ಅದನ್ನ ಪೂರ್ತಿ ಹಂಚಬೇಡಿ, ಒಂದೂವರೆ ಸಾವಿರ ಅಸಲಿಗೇ ಸೇರಲಿ ಅಂತ ಷರತ್ತು ಹಾಕಿ. ಹಿಂದೆ ದೊಡ್ಡ ಮನಸ್ಸಿಂದ ಐದು ಸಾವಿರ ಇಟ್ಟವರ ದತ್ತಿಯಲ್ಲಿ ಈಗ ಬರೋದು ಮುನ್ನೂರು ಚಿಲ್ಲರೆ, ಸರ್ಟಿಫಿಕೇಟ್ ಪ್ರಿಂಟಿಗೂ ಸಾಲಲ್ಲ, ಹಂಗಾಗಿ ಎಷ್ಟೋ ದತ್ತಿ ಬರೀ ಕಡತದಲ್ಲಿ ಬದುಕಿವೆ.

ಇನ್ನೊಂದು ಮಾತು, ಸಿಟ್ಟಾಗ್ಬೇಡಿ. ಫಸ್ಟ್ ಬಂದವರಿಗೆ ಎಲ್ಲರೂ ಕೊಡ್ತಾರೆ. ಪ್ರಿಪರೇಟರಿಯಲ್ಲಿ ಫೇಲಾಗಿ ಪಬ್ಲಿಕಲ್ಲಿ ಪಾಸಾದ ಮಗುಗೆ ಕೊಡೋ ದತ್ತಿ ನಾನಂತೂ ಎಲ್ಲೂ ನೋಡಿಲ್ಲ. ನೀವು ಮೇಷ್ಟ್ರು, ಆ ಮಗು ಯಾವುದು ಅಂತ ನಿಮಗೆ ಮುಖನೇ ಕಣ್ಮುಂದೆ ಬರುತ್ತೆ.

ಪ್ರಶ್ನೆ: ನಾಗಮಂಗಲದ ಯುವಕರ ಸಂಘ. ನಮ್ಮ ನೆಚ್ಚಿನ ನಟನ ಪ್ರತಿಮೆ ಸರ್ಕಲಲ್ಲಿ ಇಡೋಕೆ ಚಂದಾ ಎತ್ತಿದೀವಿ. ಕೆಲವರು ವಿರೋಧ ಮಾಡ್ತಿದಾರೆ. ನೀವು ಯಾರ ಪರ?

ಉತ್ತರ: ಪರ್ಮಿಷನ್ ಇಲ್ಲದೆ ಸರ್ಕಲಲ್ಲಿ ಇಟ್ರೆ ರಾತ್ರೋರಾತ್ರಿ ತೆಗೀತಾರೆ, ಆಮೇಲೆ ನೀವು ಕಲ್ಲು ತೂರ್ತೀರ, ಕೇಸು ಹಾಕಿಸ್ಕೋತೀರ, ಇದಕ್ಕೆ ನಾನು ಯಾರ ಪರಾನೂ ಇಲ್ಲ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ಕ್ಕೆ ಹೋದ್ರಲ್ಲ, ಅವರು ಮೊದಲೇ ಬರೆದಿಟ್ಟಿದ್ರು, ದೇಹ ಹೂಳಬೇಡಿ ಸುಡಿ, ಬೂದಿ ನೀರಿಗೆ ಬಿಡಿ, ಸ್ಮಾರಕ ಬೇಡ ಅಂತ. ಲಕ್ಷಾಂತರ ಜನ ಬಂದ್ರು, ಸಮಾಧಿ ಇಲ್ಲ. ಅದು ಸಂತರ ಮಾತಾಯ್ತು, ನಿಮ್ಮ ತಾಲ್ಲೂಕಿನವರನ್ನೇ ನೋಡಿ. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡ್ರು, ಐಎಎಸ್ ಆಗಿದ್ದೋರು, ಹಳ್ಳಿ ಹಳ್ಳಿ ಸುತ್ತಿ ಸೋಬಾನೆ, ಲಾವಣಿ, ಕಥೆ ಎಲ್ಲಾ ಸಂಗ್ರಹಿಸಿದ್ರು, ರಿಟೈರಾದ ಮೇಲೆ ಜಾನಪದ ಪರಿಷತ್ತು ಕಟ್ಟಿ ರಾಮನಗರದ ಹತ್ರ ಜಾನಪದ ಲೋಕ ಮಾಡಿದ್ರು. 2005ರಲ್ಲಿ ಹೋದ್ರು, ಜಾನಪದ ಲೋಕ ನಡೀತಾ ಇದೆ, ಬೆಂಗಳೂರಿಗೆ ಹೋಗೋವಾಗ ಪಕ್ಕದ ಕಾಮತಲ್ಲಿ ಊಟಕ್ಕೆ ನಿಲ್ಸಿದೀರ, ಒಳಗೆ ಹೋಗಿಲ್ಲ, ಅಲ್ವಾ? ನಿಮ್ಮ ಊರಲ್ಲಿ ಪದ ಹೇಳೋ ಅಜ್ಜಿ ಇನ್ನೂ ಇದ್ರೆ ನಿಮ್ಮ ಫೋನಲ್ಲೇ ರೆಕಾರ್ಡ್ ಮಾಡಿ, ಚಂದಾ ದುಡ್ಡಲ್ಲಿ ಆ ಅಜ್ಜಿಗೆ ಒಂದು ಸೀರೆ ಕೊಡಿ. ಉಳಿದದ್ದು ಚಂದಾ ಕೊಟ್ಟವರಿಗೆ ವಾಪಸ್ ಮಾಡಿ, ಲೆಕ್ಕ ಓದಿ ಹೇಳಿ. ಲೆಕ್ಕ ಕೊಟ್ಟ ಅಭಿಮಾನಿ ಸಂಘ ಅಂತ ನಿಮ್ಮ ಹೆಸರು ಜಿಲ್ಲೆಯಲ್ಲೇ ಉಳಿಯುತ್ತೆ.

ಪ್ರಶ್ನೆ: ಕುವೆಂಪುನಗರ, ಮೈಸೂರು. ವಯಸ್ಸು ಎಪ್ಪತ್ತು ದಾಟಿದೆ. ಭೈರಪ್ಪನವರು ನಮ್ಮ ಬಡಾವಣೆಯವರೇ, ವಾಕಿಂಗಲ್ಲಿ ನೋಡಿದ್ದೆ. ಕಲಾಮಂದಿರದಲ್ಲಿ ಅವರ ಅಂತಿಮ ದರ್ಶನಕ್ಕೆ ಹೋಗಿ ಬಂದಾಗಿಂದ ಮನಸ್ಸು ಸರಿಯಿಲ್ಲ. ಅಂಥವರು ಅಷ್ಟು ಬರೆದು ಹೋದ್ರು. ನಾನು ಬ್ಯಾಂಕಲ್ಲಿ ಕ್ಲರ್ಕಾಗಿದ್ದೆ, ಬಿಟ್ಟು ಹೋಗೋಕೆ ಒಂದು ಬೀರು ಪುಸ್ತಕ, ಒಂದು ಟ್ರಂಕು ಹಳೇ ಫೋಟೋ. ಮಕ್ಕಳು ಹೊರದೇಶದಲ್ಲಿ, ಅವರಿಗೆ ಕನ್ನಡ ಓದೋಕೆ ಬರಲ್ಲ. ರದ್ದಿಗೆ ಹಾಕೋದೇ?

ಉತ್ತರ: ರದ್ದಿಗೆ ಯಾಕ್ರೀ ಹಾಕ್ತೀರಾ. ಭೈರಪ್ಪನವರೂ ಬರೀ ಕಾದಂಬರಿ ಬಿಟ್ಟು ಹೋಗಲಿಲ್ಲ, ಹುಟ್ಟೂರು ಸಂತೇಶಿವರದ ಕೆರೆಗೆ ನೀರು ಬರ್ಬೇಕು ಅಂತ ಆ ವಯಸ್ಸಲ್ಲೂ ಹಿಂದೆ ಬಿದ್ದು ತರಿಸಿದ್ರು, ಅದಕ್ಕೆ ಸಾಹಿತ್ಯ ಬೇಕಾಗಿರಲಿಲ್ಲ, ಬ್ಯಾಂಕ್ ಕ್ಲರ್ಕಿಗಿರೋ ಪಟ್ಟು ಸಾಕಾಗಿತ್ತು.

ಪುಸ್ತಕಕ್ಕೆ ಮೊದಲು ಪಟ್ಟಿ ಮಾಡಿ, ಹೆಸರು, ಲೇಖಕರು, ವರ್ಷ. ಪಟ್ಟಿ ಇಲ್ಲದೆ ಗೋಣಿಚೀಲ ತಂದಿಳಿಸಿದ್ರೆ ಯಾವ ಲೈಬ್ರರಿಯವರಿಗೂ ತಲೆನೋವು, ಪಟ್ಟಿ ಇದ್ರೆ ಬೇಕಾದ್ದು ಆರಿಸ್ಕೋತಾರೆ. ನಿಮ್ಮ ಹಳ್ಳಿ ಗ್ರಾಮ ಪಂಚಾಯ್ತಿಯಲ್ಲಿ ಅರಿವು ಕೇಂದ್ರ ಅಂತ ಲೈಬ್ರರಿ ಇರುತ್ತೆ, ಮಕ್ಕಳ ಪುಸ್ತಕ, ಕಥೆ ಕಾದಂಬರಿ ಅಲ್ಲಿಗೆ ಕೊಡಿ. ವಿಲ್ ಬರೆದಿಲ್ಲದಿದ್ರೆ ಈ ವಾರನೇ ಬರೀರಿ, ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ರಿಜಿಸ್ಟರ್ ಕಡ್ಡಾಯ ಅಲ್ಲ ಆದ್ರೂ ಮಾಡಿಸಿದ್ರೆ ಮಕ್ಕಳಿಗೆ ಓಡಾಟ ಕಮ್ಮಿ, ಇಬ್ಬರು ಸಾಕ್ಷಿಗಳು ನಿಮ್ಮ ಮುಂದೆನೇ ಸೈನ್ ಹಾಕ್ಬೇಕು, ಆಸ್ತಿ ಸಿಗೋರನ್ನ ಸಾಕ್ಷಿ ಮಾಡ್ಬೇಡಿ. ಮೈಸೂರು ಮೆಡಿಕಲ್ ಕಾಲೇಜಿಗೆ ದೇಹದಾನ ಮಾಡೋ ಯೋಚನೆ ಇದ್ರೆ ಅನಾಟಮಿ ವಿಭಾಗದಲ್ಲಿ ಫಾರಂ ಕೊಡ್ತಾರೆ, ಮಕ್ಕಳ ಸೈನ್ ಬೇಕು, ಅವರು ದೂರದಲ್ಲಿರೋದರಿಂದ ಇಲ್ಲಿರೋ ಒಬ್ಬರಿಗೆ ಜವಾಬ್ದಾರಿ ಹೇಳಿಡಿ, ವಿಲ್ಲಲ್ಲಿ ಮಾತ್ರ ಬರೆದಿಟ್ರೆ ಅದನ್ನ ತೆಗೆದು ಓದೋದು ಹನ್ನೊಂದನೇ ದಿನದ ಮೇಲೆ.

ಫೋಟೋಗಳಿಗೆ ಸಮಯ ಬೇಕು. ಟ್ರಂಕು ತೆಗೆದು ದಿನಕ್ಕೆ ನಾಲ್ಕೈದು, ಹಿಂದುಗಡೆ ಮೆತ್ತಗೆ ಪೆನ್ಸಿಲಲ್ಲಿ ಬರೀರಿ, ಎಡದಿಂದ ಯಾರ್ಯಾರು, ಯಾವ ಊರು, ಮದುವೆನೋ ಜಾತ್ರೆನೋ, ವರ್ಷ ಸುಮಾರು ಎಷ್ಟು. ಬಾಲ್‌ಪೆನ್ ಬೇಡ, ಒತ್ತಿ ಬರೆದ್ರೆ ಮುಂದೆ ಮುಖದ ಮೇಲೆ ಅಚ್ಚು ಏಳುತ್ತೆ. ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ ಅಂದ್ರಿ, ಇಂಗ್ಲಿಷಲ್ಲೂ ಒಂದು ಸಾಲು ಹಾಕಿ, ಅದರಲ್ಲೇನು ಸಂಕೋಚ. ನಿಮ್ಮ ಸೋದರತ್ತೆ, ಚಿಕ್ಕಪ್ಪಂದಿರನ್ನ ಮುಖ ನೋಡಿ ಗುರುತಿಸೋರು ಈಗ ನೀವೊಬ್ಬರೇ ಇರ್ಬಹುದು, ಅನುಮಾನ ಇದ್ದದ್ದನ್ನ ಬೇರೆ ಇಟ್ಟು ಊರಲ್ಲಿ ವಯಸ್ಸಾದವರು ಯಾರಾದ್ರೂ ಇದ್ರೆ ಈ ತಿಂಗಳೇ ಹೋಗಿ ಕೇಳ್ಕೊಂಡು ಬನ್ನಿ, ಶಕ್ತಿ ಯೋಜನೆ ಇರೋದರಿಂದ ಯಜಮಾನ್ತಿನ ಜೊತೆಗೆ ಕರ್ಕೊಂಡ್ರೆ ಅರ್ಧ ಟಿಕೆಟ್ ಖರ್ಚು ಉಳಿಯುತ್ತೆ.